ಕಾಚ್‌ಬರ್ಗ್ ಏರಿನಲ್ಲಿ ನಿಂತುಹೋದ ರೋಲ್ಸ್ ರಾಯ್ಸ್

1912ರ ಬೇಸಿಗೆ. ಆಸ್ಟ್ರಿಯಾದ ಕಾಚ್‌ಬರ್ಗ್ ಕಣಿವೆದಾರಿಯ ಏರಿನಲ್ಲಿ ಒಂದು ರೋಲ್ಸ್ ರಾಯ್ಸ್ ನಿಂತಿದೆ. ಓಡಿಸುತ್ತಿರುವವನು ಜೇಮ್ಸ್ ರಾಡ್ಲಿ. ವಿಮಾನ ಹಾರಿಸಿ ಹೆಸರು ಮಾಡಿದ ಇಂಗ್ಲಿಷ್ ಗೃಹಸ್ಥ, ಆಲ್ಪೈನ್ ಟ್ರಯಲ್ ಎಂಬ ಪರ್ವತ ಪರೀಕ್ಷೆಗೆ ಸ್ವಂತ ಖರ್ಚಿನಲ್ಲಿ ಕಾರು ತಂದವನು. ಇಂಜಿನ್ ಕೆಟ್ಟಿಲ್ಲ, ಟೈರು ಪಂಚರ್ ಆಗಿಲ್ಲ, ಪೆಟ್ರೋಲೂ ಇದೆ. ಆದರೂ ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಎಳೆಯುತ್ತಿಲ್ಲ. ಕೊನೆಗೆ ಒಳಗಿದ್ದವರಲ್ಲಿ ಕೆಲವರು ಇಳಿದ ಮೇಲಷ್ಟೇ ಅದು ಮುಂದೆ ಹೋಯಿತು.

ಘಾಟಿಯಲ್ಲಿ ಓವರ್‌ಲೋಡ್ ಟೆಂಪೋದಿಂದ ಇಳಿದು ನಡೆದ ನಮ್ಮಂಥವರಿಗೆ ಇದರಲ್ಲಿ ವಿಶೇಷ ಕಾಣದಿರಬಹುದು. ಆದರೆ ಆ ಕಾರು 'ಜಗತ್ತಿನ ಅತ್ಯುತ್ತಮ ಕಾರು' ಎಂದು ಜಾಹೀರಾತು ಹಾಕಿಸಿಕೊಳ್ಳುತ್ತಿದ್ದ ಕಂಪನಿಯದು. ಅದಕ್ಕೂ ದೊಡ್ಡ ತಮಾಷೆ ಎಂದರೆ ಅದು 'ಲಂಡನ್-ಎಡಿನ್‌ಬರೋ' ಮಾದರಿಯ ಕಾರು. ಗೇರ್ ಬದಲಾಯಿಸದೆಯೇ ಊರೂರು ಸುತ್ತಿ ಬರಬಲ್ಲೆ ಎಂದು ಹಿಂದಿನ ವರ್ಷವಷ್ಟೇ ಜಂಬ ಕೊಚ್ಚಿಕೊಂಡ ಕಾರಿನ ತಮ್ಮ. ಗೇರೇ ಬೇಡವೆಂದ ಗಾಡಿ ಒಂದು ಗೇರ್ ಕಡಿಮೆ ಬಿದ್ದು ನಿಂತಿತು. ಗೇರ್‌ಬಾಕ್ಸ್ ಯಾಕಿರುತ್ತದೆ, ರಸ್ತೆ ಪರೀಕ್ಷೆ ಯಾಕೆ ಬೇಕು ಎಂಬ ಎರಡಕ್ಕೂ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಮೊದಲು ಗೇರಿನ ವಿಷಯ. ತೋಟದಲ್ಲಿ ಹೂತ ಕಲ್ಲನ್ನು ಹಾರೆಯಿಂದ ಮೀಟಿ ಎಬ್ಬಿಸುವುದನ್ನು ನೋಡಿದ್ದೀರಲ್ಲ. ಹಾರೆಯ ಉದ್ದನೆಯ ತುದಿಯನ್ನು ನಾವು ಮೂರು ಅಡಿ ಒತ್ತಿದರೆ ಗಿಡ್ಡ ತುದಿಯಲ್ಲಿ ಕಲ್ಲು ಮೂರಿಂಚು ಏಳುತ್ತದೆ. ದೂರವನ್ನು ಕೊಟ್ಟು ಬಲವನ್ನು ಕೊಂಡುಕೊಳ್ಳುವ ವ್ಯಾಪಾರ ಅದು. ಗೇರ್ ಎಂದರೆ ತಿರುಗುತ್ತಲೇ ಇರುವ ಹಾರೆ. ಇಂಜಿನ್ ಕಡೆಯ ಹಲ್ಲುಗಾಲಿ ಚಿಕ್ಕದು, ಚಕ್ರದ ಕಡೆಯದು ದೊಡ್ಡದು. ಚಿಕ್ಕದು ಮೂರು ಸುತ್ತು ಸುತ್ತಿದಾಗ ದೊಡ್ಡದು ಒಂದೇ ಸುತ್ತು. ವೇಗ ಮೂರನೇ ಒಂದು ಭಾಗಕ್ಕೆ ಇಳಿಯಿತು, ತಿರುಗಿಸುವ ಬಲ ಮೂರು ಪಟ್ಟಾಯಿತು. ಉಜ್ಜಾಟದಲ್ಲಿ ಸ್ವಲ್ಪ ಸೋರಿಹೋಗುವುದನ್ನು ಬಿಟ್ಟರೆ ಲೆಕ್ಕ ಇಷ್ಟೇ.

ಇಂಜಿನ್ನಿಗೆ ಈ ಹಾರೆ ಯಾಕೆ ಬೇಕು? ಎತ್ತಿಗೆ ಬೇಡ. ಎತ್ತು ನಿಂತಲ್ಲಿಂದಲೇ ಪೂರ್ತಿ ಜೋರು ಹಾಕಿ ಎಳೆಯಬಲ್ಲದು. ಹಬೆಯ ರೈಲಿನ ಇಂಜಿನ್ನಿಗೂ ಬೇಡ. ಪೆಟ್ರೋಲ್ ಇಂಜಿನ್ ಮಾತ್ರ ನಿಂತಾಗ ಸೊನ್ನೆ. ಒಂದು ಮಟ್ಟದ ಸುತ್ತಿನಲ್ಲಿ ತಿರುಗುತ್ತಿದ್ದರಷ್ಟೇ ಅದಕ್ಕೆ ಕಸುವು, ಸುತ್ತು ಇಳಿದರೆ ಕೆಮ್ಮಿ ಆಫ್ ಆಗುತ್ತದೆ. ಚಕ್ರ ನಿಧಾನವಾಗಿ ತಿರುಗುತ್ತಿದ್ದರೂ ಇಂಜಿನ್ ತನಗೆ ಹಿತವಾದ ವೇಗದಲ್ಲೇ ಇರುವಂತೆ ನೋಡಿಕೊಳ್ಳುವ ಮಧ್ಯವರ್ತಿಯೇ ಗೇರ್‌ಬಾಕ್ಸ್.

ಇಲ್ಲಿ ಕಂಪನಿ ಕಟ್ಟಿದವರಲ್ಲಿ ಒಬ್ಬನಾದ ಇಂಜಿನಿಯರ್ ಹೆನ್ರಿ ರಾಯ್ಸ್‌ನ ಜಾಣತನವನ್ನು ಹೇಳಲೇಬೇಕು. 1906ರ ಕೊನೆಗೆ ಅವನು ಹೊರತಂದ 40/50 ಕಾರಿಗೆ 7,036 ಸಿಸಿಯ ಆರು ಸಿಲಿಂಡರ್ ಇಂಜಿನ್. ಇದೇ ಆಮೇಲೆ ಸಿಲ್ವರ್ ಘೋಸ್ಟ್ ಎಂದು ಹೆಸರಾಯಿತು. ಶಕ್ತಿ 48 ಅಶ್ವಶಕ್ತಿ, ಅದೂ ನಿಮಿಷಕ್ಕೆ ಕೇವಲ 1,250 ಸುತ್ತಿನಲ್ಲಿ. ಇವತ್ತಿನ ಒಂದು ಲೀಟರಿನ ಪುಟ್ಟ ಕಾರಿಗೂ ಇದಕ್ಕಿಂತ ಹೆಚ್ಚು ಅಶ್ವಶಕ್ತಿ ಇದೆ ಎಂದು ನಗಬೇಡಿ. ಆ ಪುಟ್ಟ ಇಂಜಿನ್ ಅಷ್ಟು ಶಕ್ತಿ ಕೊಡಬೇಕಾದರೆ ಐದಾರು ಸಾವಿರ ಸುತ್ತು ಕಿರುಚಬೇಕು. ರಾಯ್ಸ್‌ನ ಇಂಜಿನ್ ಗಾಣದ ಎತ್ತಿನ ಹಾಗೆ ಸಾವಕಾಶವಾಗಿ ತಿರುಗುತ್ತಲೇ ಭಾರಿ ಎಳೆತ ಕೊಡುತ್ತಿತ್ತು.

ಆ ಮೊದಲ ಕಾರುಗಳಲ್ಲಿ ನಾಲ್ಕು ಗೇರುಗಳೇ ಇದ್ದವು. ಮೂರನೆಯದು 'ಡೈರೆಕ್ಟ್': ಇಂಜಿನ್ ಎಷ್ಟು ಸುತ್ತುತ್ತದೋ ಹಿಂದಕ್ಕೆ ಹೋಗುವ ಶಾಫ್ಟೂ ಅಷ್ಟೇ ಸುತ್ತುತ್ತದೆ, ನಡುವೆ ಯಾವ ಹಲ್ಲೂ ಭಾರ ಹೊರುವುದಿಲ್ಲ. ನಾಲ್ಕನೆಯದು ಓವರ್‌ಡ್ರೈವ್: ಇಂಜಿನ್ನಿಗಿಂತ ಶಾಫ್ಟೇ ಜಾಸ್ತಿ ಸುತ್ತುವ, ಚಪ್ಪಟೆ ರಸ್ತೆಯಲ್ಲಿ ಆರಾಮಾಗಿ ಓಡುವ ಗೇರ್. ಕೇಳುವುದಕ್ಕೆ ಚೆನ್ನ. ಗ್ರಾಹಕರಿಗೆ ಮಾತ್ರ ಹಿಡಿಸಲಿಲ್ಲ. ಒಂದು ಕಾರಣ ಸದ್ದು. ಅಂದಿನ ಗೇರುಗಳಿಗೆ ನೇರ ಹಲ್ಲು, ಅಂದರೆ ಎರಡು ಹಲ್ಲುಗಳು ಉದ್ದಕ್ಕೂ ಒಮ್ಮೆಲೇ ಬಂದು ತಾಗುತ್ತವೆ. ಸೆಕೆಂಡಿಗೆ ನೂರಾರು ಬಾರಿ ಹಾಗೆ ತಾಗಿದರೆ ಹುಟ್ಟುವುದು ಒಂದೇ ಶ್ರುತಿಯ ಕೊರಗುವ ನಾದ. ಡೈರೆಕ್ಟ್ ಗೇರಿನಲ್ಲಿ ಅದಿಲ್ಲ, ಓವರ್‌ಡ್ರೈವಿನಲ್ಲಿ ಇದೆ. ಗಡಿಯಾರದ ಟಿಕ್‌ಟಿಕ್ಕೂ ಕೇಳಿಸಬೇಕು ಎಂದು ದುಡ್ಡು ಕೊಟ್ಟವರಿಗೆ ಈ ಕೊರಗು ಬೇಕಿಲ್ಲ. ಇನ್ನೊಂದು ಕಾರಣ ಒಣ ಪ್ರತಿಷ್ಠೆ. 'ನಮ್ಮ ಗಾಡಿ ಆ ದಿಬ್ಬವನ್ನು ಟಾಪ್ ಗೇರಿನಲ್ಲೇ ಹತ್ತಿತು' ಎನ್ನುವುದೇ ಆ ಕಾಲದ ಕ್ಲಬ್ಬುಗಳಲ್ಲಿ ದೊಡ್ಡಸ್ತಿಕೆ. ಟಾಪ್ ಗೇರ್ ಓವರ್‌ಡ್ರೈವ್ ಆದರೆ ಸಣ್ಣ ಏರಿಗೂ ಮೂರನೆಯದಕ್ಕೆ ಇಳಿಯಬೇಕು, ಮಾನ ಹೋಯಿತು!

ಹಾಗಾಗಿ 1909ರಲ್ಲಿ ಕಂಪನಿ ಒಂದು ಗೇರನ್ನೇ ಕಿತ್ತುಹಾಕಿತು. ಇಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, ಹಿಗ್ಗಿಸಿ 7,428 ಸಿಸಿ ಮಾಡಿ, ಮೂರೇ ಗೇರು, ಟಾಪ್ ಡೈರೆಕ್ಟ್ ಎಂದಿತು. ಇಂಗ್ಲೆಂಡಿನ ಗುಡ್ಡಗಳ ಮಟ್ಟಿಗೆ ಇದು ಸರಿಯಾದ ತೀರ್ಮಾನವೇ. ಆಗಿನ ಗೇರ್ ಬದಲಾವಣೆ ಎಂಥ ಕಷ್ಟ ಎಂದು ಗೊತ್ತಾದರೆ ಆ ಗ್ರಾಹಕರ ಮೇಲೆ ಸ್ವಲ್ಪ ಕನಿಕರವೂ ಹುಟ್ಟುತ್ತದೆ.

ಹಳೆಯ ಲಾರಿ, ಬಸ್ಸುಗಳಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತವರು ನೋಡಿರುತ್ತೀರಿ. ಚಾರ್ಮಾಡಿಯ ತಿರುವು ಬಂತೆಂದರೆ ಅವರ ಎಡಗಾಲು ಎರಡು ಸಲ ಕ್ಲಚ್ ತುಳಿಯುತ್ತದೆ. ಡಬಲ್ ಕ್ಲಚ್ ಎನ್ನುತ್ತಾರೆ. ಕಾರಣ ಸರಳ. ಗೇರ್‌ಬಾಕ್ಸಿನ ಒಳಗೆ ಎರಡು ಗಾಲಿಗಳು ಬೇರೆಬೇರೆ ವೇಗದಲ್ಲಿ ತಿರುಗುತ್ತಿವೆ. ಒಂದನ್ನು ಸರಿಸಿ ಇನ್ನೊಂದರ ಹಲ್ಲಿಗೆ ಕೂರಿಸಬೇಕು. ವೇಗ ಹೊಂದದೆ ತಳ್ಳಿದರೆ ಕಿರ್ರ್ ಎಂದು ಹಲ್ಲು ಉಜ್ಜುತ್ತದೆ. ಅದಕ್ಕೆ ಮೊದಲು ಕ್ಲಚ್ ತುಳಿದು ನ್ಯೂಟ್ರಲ್ಲಿಗೆ ತರಬೇಕು, ಕ್ಲಚ್ ಬಿಟ್ಟು ಅಕ್ಸಿಲರೇಟರ್ ಒತ್ತಿ ಇಂಜಿನ್ ಕಡೆಯ ಗಾಲಿಯನ್ನು ಬೇಕಾದ ವೇಗಕ್ಕೆ ಏರಿಸಬೇಕು, ಮತ್ತೆ ಕ್ಲಚ್ ತುಳಿದು ಕೆಳಗಿನ ಗೇರಿಗೆ ಜಾರಿಸಬೇಕು. ಎಷ್ಟು ಒತ್ತಬೇಕು ಎಂದು ಹೇಳುವ ಮೀಟರ್ ಇಲ್ಲ, ಕಿವಿಯೇ ಮೀಟರ್. ಓಡುವ ಬಸ್ಸಿಗೆ ಹತ್ತುವವನು ಮೊದಲು ನಾಲ್ಕು ಹೆಜ್ಜೆ ಬಸ್ಸಿನ ವೇಗದಲ್ಲೇ ಓಡಿ ಆಮೇಲೆ ಕಂಬಿ ಹಿಡಿಯುತ್ತಾನಲ್ಲ, ಹಾಗೆ. ಸಿಲ್ವರ್ ಘೋಸ್ಟ್‌ನಲ್ಲಿ ದೊಡ್ಡ ಕೋನ್ ಕ್ಲಚ್ಚೂ ಇಂಜಿನ್ನಿನ ಜೊತೆಗೇ ತಿರುಗುವ ಭಾರದ ಗಾಲಿಯಾದ ಫ್ಲೈವೀಲೂ ಇದ್ದದ್ದರಿಂದ ಸುತ್ತು ಏರುವುದೂ ಇಳಿಯುವುದೂ ನಿಧಾನ. ಅವಸರ ಮಾಡಿದವನಿಗೆ ಮರ್ಯಾದೆ ಇಲ್ಲ. ಇದನ್ನೆಲ್ಲ ತಾನಾಗಿಯೇ ಹೊಂದಿಸುವ ಸಿಂಕ್ರೊಮೆಶ್ ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್‌ನಲ್ಲಿ. ರೋಲ್ಸ್ ರಾಯ್ಸ್ ಅದನ್ನು ಅಳವಡಿಸಿಕೊಳ್ಳಲು 1932ರವರೆಗೆ ಕಾಯಿತು.

ಈಗ 1911ಕ್ಕೆ ಬರೋಣ. ನೇಪಿಯರ್ ಎಂಬ ಎದುರಾಳಿ ಕಂಪನಿ ಲಂಡನ್ನಿನಿಂದ ಎಡಿನ್‌ಬರೋಗೆ ಟಾಪ್ ಗೇರಿನಲ್ಲೇ ಹೋಗಿಬಂದು ತೋರಿಸಿತು. ಅದನ್ನು ಮೀರಲು ರೋಲ್ಸ್ ರಾಯ್ಸ್ ಒಂದು ಪ್ರಯೋಗದ ಕಾರು ಕಟ್ಟಿತು. ಚಾಸಿ ನಂಬರ್ 1701. ಹೆಚ್ಚಿನ ಕಂಪ್ರೆಷನ್, ದೊಡ್ಡ ಕಾರ್ಬ್ಯುರೇಟರ್, ಹಿಂದೆ ಹೊಸ ಬಗೆಯ ಕ್ಯಾಂಟಿಲೀವರ್ ಸ್ಪ್ರಿಂಗು, ಹಗುರ ಬಾಡಿ. ಕಾರ್ಖಾನೆಯವರು ಇಟ್ಟ ಅಡ್ಡಹೆಸರು 'ಸ್ಲಗರ್ಡ್', ಅಂದರೆ ಸೋಮಾರಿ. ಓಡಿಸಿದವನು ಅರ್ನೆಸ್ಟ್ ಹೈವ್ಸ್. ಕಂಪನಿಯ ಕಾರ್ಖಾನೆ ಇದ್ದ ಡರ್ಬಿಯಲ್ಲಿ ಪ್ರಯೋಗದ ಕಾರುಗಳ ಪರೀಕ್ಷೆ ಮಾಡುತ್ತಿದ್ದ ಈ ಹುಡುಗ ಮುಂದೆ ಇಡೀ ಕಂಪನಿಯನ್ನೇ ನಡೆಸಿ ಲಾರ್ಡ್ ಹೈವ್ಸ್ ಆದ.

ಸೆಪ್ಟೆಂಬರಿನಲ್ಲಿ, ರಾಯಲ್ ಆಟೊಮೊಬೈಲ್ ಕ್ಲಬ್ಬಿನವರ ಕಣ್ಗಾವಲಲ್ಲಿ, 1701 ಸುಮಾರು 800 ಮೈಲಿ ಹೋಗಿಬಂತು. ಪೂರ್ತಿ ಟಾಪ್ ಗೇರಿನಲ್ಲಿ! ಪೆಟ್ರೋಲ್ ಲೆಕ್ಕ ಗ್ಯಾಲನ್ನಿಗೆ 24.32 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 8.6 ಕಿಲೋಮೀಟರ್. ಬೆಂಗಳೂರಿನ ಸಿಲ್ಕ್ ಬೋರ್ಡ್ ದಾಟುವ ಎಷ್ಟೋ ಎಸ್‌ಯುವಿಗಳು ಇವತ್ತಿಗೂ ಇಷ್ಟು ಕೊಡುವುದಿಲ್ಲ. ಬಳಿಕ ಅದೇ ಗೇರ್ ಅನುಪಾತದಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಗಂಟೆಗೆ 78.26 ಮೈಲಿ, ಅಂದರೆ 126 ಕಿ.ಮೀ. ಓಡಿತು. ಮರುವರ್ಷ ಇದೇ ಚಾಸಿಗೆ ಗಾಳಿ ಸೀಳುವ ಬಾಡಿ ಕೂರಿಸಿದಾಗ ವೇಗ 101.8 ಮೈಲಿ ಮುಟ್ಟಿತು.

ನನ್ನ ಅಭಿಪ್ರಾಯ ಕೇಳಿದರೆ, ಇದು ಅದ್ಭುತವಾದ ಸಾಧನೆ, ಆದರೆ ಪರೀಕ್ಷೆಯಲ್ಲ, ಜಾಹೀರಾತು. ಇಂಜಿನ್ನಿನ ಎಳೆತ, ಕ್ಲಚ್ಚಿನ ತಾಳ್ಮೆ, ಕಾರ್ಬ್ಯುರೇಟರಿನ ನಯ ಎಲ್ಲವನ್ನೂ ಅದು ತೋರಿಸಿತು. ಗೇರ್‌ಬಾಕ್ಸಿನ ಬಗ್ಗೆ ಏನನ್ನೂ ತೋರಿಸಲಿಲ್ಲ, ಏಕೆಂದರೆ ಗೇರ್‌ಬಾಕ್ಸನ್ನು ಅವರು ಮುಟ್ಟಲೇ ಇಲ್ಲ. 1907ರಲ್ಲಿ ಸಿಲ್ವರ್ ಘೋಸ್ಟ್ ಎಲ್ಲೂ ಕೆಟ್ಟು ನಿಲ್ಲದೆ 14,371 ಮೈಲಿ ಓಡಿದ್ದೇನೋ ನಿಜವಾದ ಪರೀಕ್ಷೆಯೇ. ಓಟ ಮುಗಿದ ಮೇಲೆ ಕಾರನ್ನು ಬಿಚ್ಚಿ, ಸವೆದದ್ದನ್ನೆಲ್ಲ ಅಳೆದು, ಹೊಸದರಂತೆ ಮಾಡಲು 2 ಪೌಂಡು 2 ಶಿಲ್ಲಿಂಗು 7 ಪೆನ್ಸ್ ಖರ್ಚು ಎಂದು ಲೆಕ್ಕ ಕೊಟ್ಟರು. ಆದರೆ ಅದೂ ಬ್ರಿಟನ್ನಿನ ರಸ್ತೆಗಳಲ್ಲೇ. ಲಂಡನ್-ಗ್ಲಾಸ್ಗೋ ನಡುವೆ ಎಷ್ಟು ಸಲ ಓಡಾಡಿದರೂ ಆಲ್ಪ್ಸ್ ಪರ್ವತ ಅಡ್ಡ ಬರುವುದಿಲ್ಲ.

ಕಾಚ್‌ಬರ್ಗ್ ಇರುವುದು ಸಾಲ್ಜ್‌ಬರ್ಗ್ ಮತ್ತು ಕರಿಂಥಿಯಾ ಪ್ರಾಂತಗಳ ನಡುವೆ, 1,641 ಮೀಟರ್ ಎತ್ತರದಲ್ಲಿ. ಹಳೆಯ ರಸ್ತೆಯ ಕಡಿದಾದ ಭಾಗಗಳಲ್ಲಿ ಸುಮಾರು ನಾಲ್ಕಕ್ಕೆ ಒಂದರ ಏರು, ಅಂದರೆ ನಾಲ್ಕು ಅಡಿ ಮುಂದೆ ಹೋದರೆ ಒಂದಡಿ ಮೇಲಕ್ಕೆ. ಅಲ್ಲಿ ನಿಂತ ಕಾರು ಏನು ಕೇಳುತ್ತದೆ ಎಂದು ಲೆಕ್ಕ ಹಾಕೋಣ. ಅಂಕಿಗಳನ್ನು ಅನುಕೂಲಕ್ಕೆ ದುಂಡಗೆ ಮಾಡಿದ್ದೇನೆ.

ಕಾರೂ ಜನವೂ ಸೇರಿ ಎರಡು ಟನ್ ಎನ್ನಿ. ನಾಲ್ಕಕ್ಕೆ ಒಂದರ ಏರಿನಲ್ಲಿ ಅದನ್ನು ಹಿಂದಕ್ಕೆ ಎಳೆಯುವ ಭಾರ ಸುಮಾರು 500 ಕೆಜಿ. ಚಕ್ರದ ನಡುವಿನಿಂದ ನೆಲಕ್ಕೆ ಸುಮಾರು 45 ಸೆಂಟಿಮೀಟರ್. ಹಾಗಾದರೆ ಚಕ್ರದ ಆಕ್ಸಲ್ಲಿನಲ್ಲಿ ಬೇಕಾದ ತಿರುಗುಬಲ 225 ಕೆಜಿ-ಮೀಟರ್. 48 ಅಶ್ವಶಕ್ತಿ, 1,250 ಸುತ್ತು ಎಂಬ ಅಂಕಿಗಳಿಂದ ಇಂಜಿನ್ನಿನ ತಿರುಗುಬಲ ತೆಗೆದರೆ ಸುಮಾರು 28 ಕೆಜಿ-ಮೀಟರ್ ಬರುತ್ತದೆ. ಅಂದರೆ ಇಂಜಿನ್ನಿಗೂ ಚಕ್ರಕ್ಕೂ ನಡುವೆ ಎಂಟು ಪಟ್ಟಿಗಿಂತ ಹೆಚ್ಚಿನ ಹಾರೆ ಬೇಕು. ಹಿಂದಿನ ಆಕ್ಸಲ್ಲಿನಲ್ಲೇ ಸುಮಾರು ಮೂರು ಪಟ್ಟು ಸಿಕ್ಕಿತು, ಉಳಿದದ್ದನ್ನು ಫಸ್ಟ್ ಗೇರ್ ಕೊಡಬೇಕು.

ಇಷ್ಟೂ ಸಮುದ್ರಮಟ್ಟದ ಮಾತು. ಒಂದೂವರೆ ಸಾವಿರ ಮೀಟರ್ ಮೇಲೆ ಗಾಳಿ ತೆಳು. ಇಂಜಿನ್ ಉಸಿರೆಳೆದಾಗ ಒಳಗೆ ಹೋಗುವ ಗಾಳಿ ನೂರಕ್ಕೆ ಹದಿನೈದರಷ್ಟು ಕಡಿಮೆ, ಎಳೆತವೂ ಅಷ್ಟು ಕಡಿಮೆ. ಹಲ್ಲು, ಬೇರಿಂಗುಗಳ ಉಜ್ಜಾಟದಲ್ಲಿ ಇನ್ನಷ್ಟು ಸೋರಿತು. ಇದೆಲ್ಲ ಸೇರಿ ಎಂಟು ಪಟ್ಟು ಎಂದದ್ದು ಹತ್ತು-ಹನ್ನೊಂದಾಗುತ್ತದೆ. ಅಷ್ಟು ಕೊಟ್ಟರೂ ಕಾರು ಹಿಂದಕ್ಕೆ ಜಾರದೆ ನಿಂತೀತು ಅಷ್ಟೇ, ಮುಂದೆ ಹೊರಡಬೇಕಾದರೆ ಇನ್ನೂ ಬೇಕು. ಓಡುತ್ತಲೇ ಬಂದ ಕಾರು ಓಟದ ಬಲದಲ್ಲಿ ದಾಟಿಬಿಡಬಹುದು, ಒಮ್ಮೆ ನಿಂತರೆ ಕಥೆ ಮುಗಿಯಿತು. ಇಬ್ಬರು ಇಳಿದರೆ ನೂರೈವತ್ತು ಕೆಜಿ ಕಡಿಮೆ, ನೂರಕ್ಕೆ ಏಳೆಂಟರಷ್ಟು. ಇಷ್ಟು ಸಣ್ಣ ಅಂತರದಿಂದ ಕಾರು ಹೊರಟಿತು ಎಂದರೆ ಅದು ಎಷ್ಟು ತುದಿಯಲ್ಲಿ ನಿಂತಿತ್ತು ನೋಡಿ.

ಹಾಗಾದರೆ ಮೂರು ಗೇರಿನ ಬಾಕ್ಸಿನಲ್ಲೇ ಫಸ್ಟ್ ಗೇರಿನ ಹಲ್ಲು ಬದಲಿಸಿ ಎಳೆತ ಜಾಸ್ತಿ ಮಾಡಿದ್ದರೆ ಸಾಕಿತ್ತಲ್ಲ, ನಾಲ್ಕನೆಯದು ಯಾಕೆ? ಗೇರ್‌ಬಾಕ್ಸಿನ ನಿಜವಾದ ಗುಟ್ಟು ಇರುವುದು ಇಲ್ಲೇ. ಮೂರೇ ಮೆಟ್ಟಿಲಲ್ಲಿ ಅಟ್ಟ ಹತ್ತಬೇಕೆಂದು ಕೆಳಗಿನ ಮೆಟ್ಟಿಲನ್ನು ಇನ್ನೂ ಕೆಳಕ್ಕಿಟ್ಟರೆ ಅದರಿಂದ ಎರಡನೆಯದಕ್ಕೆ ಕಾಲೆತ್ತುವುದೇ ಕಷ್ಟ. ಈ ಇಂಜಿನ್ ಹಿತವಾಗಿ ತಿರುಗುವ ಸುತ್ತಿನ ವ್ಯಾಪ್ತಿ ಬಹಳ ಕಿರಿದು. ತೀರಾ ಇಳಿಸಿದ ಫಸ್ಟ್ ಗೇರಿನಲ್ಲಿ ಇಂಜಿನ್ ತನ್ನ ಗರಿಷ್ಠ ಸುತ್ತಿಗೆ ಬಂದಾಗ ಕಾರು ಇನ್ನೂ ಸೈಕಲ್ಲಿನ ವೇಗದಲ್ಲಿ ಹೋಗುತ್ತಿರುತ್ತದೆ. ಆಗ ಎರಡನೆಯದಕ್ಕೆ ಹಾಕಿದರೆ ಸುತ್ತು ಧೊಪ್ಪನೆ ಇಳಿದು ಎಳೆತವೇ ಸಿಗುವುದಿಲ್ಲ. ಸಾಲದ್ದಕ್ಕೆ ಡಬಲ್ ಕ್ಲಚ್ ಮಾಡುವ ಆ ಎರಡು ಮೂರು ಸೆಕೆಂಡುಗಳಲ್ಲಿ ಏರು ಕಾರಿನ ಇದ್ದ ವೇಗವನ್ನೂ ನುಂಗಿಬಿಟ್ಟಿರುತ್ತದೆ. ಮತ್ತೆ ಫಸ್ಟಿಗೇ ಬರಬೇಕು. ಹೀಗೆ ಇಡೀ ಪರ್ವತವನ್ನು ಫಸ್ಟಿನಲ್ಲೇ ಅರಚುತ್ತ ಹತ್ತಿದರೆ ರೇಡಿಯೇಟರ್ ಕುದಿಯುತ್ತದೆ. ಆದ್ದರಿಂದ ಕೆಳಗೊಂದು ಮೆಟ್ಟಿಲು ಸೇರಿಸುವುದಷ್ಟೇ ಅಲ್ಲ, ಉಳಿದ ಮೆಟ್ಟಿಲುಗಳ ಅಂತರವನ್ನೂ ಹೊಸದಾಗಿ ಹಂಚಬೇಕಾಯಿತು.

ಇಳಿಜಾರಿಗೂ ಇದೇ ಗೇರು ಬೇಕು ಎನ್ನುವುದನ್ನು ಮರೆಯುತ್ತೇವೆ. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳು. ಇಳಿಯುವಾಗ ಫಸ್ಟ್ ಇಲ್ಲವೇ ಸೆಕೆಂಡ್ ಗೇರಿನಲ್ಲೇ ಇರಿ ಎಂದು ಎಚ್ಚರಿಸುತ್ತಾರೆ. ಗೇರ್ ಕೆಳಗಿದ್ದರೆ ಚಕ್ರವೇ ಇಂಜಿನ್ನನ್ನು ಜಗ್ಗಿ ತಿರುಗಿಸಬೇಕಾಗುತ್ತದೆ, ಆ ಹೊರೆ ಗಾಡಿಯನ್ನು ಹಿಡಿದಿಡುತ್ತದೆ. ಅಂದಿನ ಸಿಲ್ವರ್ ಘೋಸ್ಟ್‌ಗೆ ಮುಂದಿನ ಚಕ್ರಗಳಲ್ಲಿ ಬ್ರೇಕೇ ಇರಲಿಲ್ಲ. ಎರಡು ಟನ್ನಿನ ಕಾರು ಆಲ್ಪ್ಸ್ ಇಳಿಯುವಾಗ ಬ್ರೇಕನ್ನೇ ನಂಬಿದರೆ ಸುಟ್ಟ ವಾಸನೆ ಗ್ಯಾರಂಟಿ.

ರಾಡ್ಲಿಯ ಕಾರು ನಿಂತ ಸುದ್ದಿ ಡರ್ಬಿಗೆ ಮುಟ್ಟಿದಾಗ ಅವರು ಸಬೂಬು ಹೇಳದೆ ಕೆಲಸಕ್ಕಿಳಿದರು. ಅದು ನನಗೆ ಮೆಚ್ಚುಗೆಯಾಗುವ ಸಂಗತಿ. ಖಾಸಗಿಯವನೊಬ್ಬನ ಕಾರು, ನಮ್ಮ ತಂಡವಲ್ಲ ಎಂದು ಕೈತೊಳೆದುಕೊಳ್ಳಬಹುದಿತ್ತು. ಬದಲಿಗೆ 1913ಕ್ಕೆ ಮೂರು ಕಾರುಗಳ ಅಧಿಕೃತ ತಂಡ ಕಟ್ಟಿದರು, ಜೊತೆಗೆ ರಾಡ್ಲಿಯದೂ ಒಂದು. ಹೊಸ ನಾಲ್ಕು ಗೇರಿನ ಬಾಕ್ಸು, ಟಾಪ್ ಮೊದಲಿನಂತೆ ಡೈರೆಕ್ಟ್. ಓವರ್‌ಡ್ರೈವಿನ ಹಳೆಯ ತಪ್ಪನ್ನು ಮತ್ತೆ ಮಾಡಲಿಲ್ಲ, ನಾಲ್ಕನೆಯ ಗೇರನ್ನು ತಲೆಯ ಮೇಲೆ ಇಡದೆ ಕಾಲಡಿಗೆ ಸೇರಿಸಿದರು. ಇಂಜಿನ್ನಿಗೆ ಹೆಚ್ಚು ಕಂಪ್ರೆಷನ್, ದೊಡ್ಡ ರೇಡಿಯೇಟರ್, ನೆಲದಿಂದ ಹೆಚ್ಚು ಎತ್ತರ.

ಟ್ರಯಲ್ಲಿನ ಕಾನೂನುಗಳೂ ಕಠಿಣ. ಬಾನೆಟ್ಟಿಗೆ ಸೀಲು. ರೇಡಿಯೇಟರಿಗೆ ನೀರು ಹಾಕಿದರೆ ಅಂಕ ಕಡಿತ. ದಾರಿಯಲ್ಲಿ ಇಂಜಿನ್ ಆಫ್ ಆದರೂ ಕಡಿತ. ವಿಯೆನ್ನಾದಿಂದ ಹೊರಟು ಎಂಟು ದಿನಗಳಲ್ಲಿ ಸುಮಾರು 2,600 ಕಿಲೋಮೀಟರ್, ಒಂದರ ಹಿಂದೆ ಒಂದು ಕಣಿವೆದಾರಿ. ಸ್ಟೀರಿಂಗ್ ಹಿಡಿದವರಲ್ಲಿ ನಮ್ಮ ಹೈವ್ಸ್ ಕೂಡ ಒಬ್ಬ. ಟಾಪ್ ಗೇರಿನ ಪವಾಡ ಮಾಡಿ ತೋರಿಸಿದವನೇ ಈಗ ಫಸ್ಟ್ ಗೇರಿನ ಬೆಲೆ ಕಂಡುಕೊಳ್ಳಲು ಬಂದಿದ್ದ. ಕಾರುಗಳು ಏರುಗಳನ್ನು ಎಷ್ಟು ಸಲೀಸಾಗಿ ಹತ್ತಿದವೆಂದರೆ ಈ ಮಾದರಿಗೆ 'ಆಲ್ಪೈನ್ ಈಗಲ್' ಎಂಬ ಹೆಸರೇ ಅಂಟಿಕೊಂಡಿತು, ಕಂಪನಿ ಇಟ್ಟಿದ್ದ 'ಕಾಂಟಿನೆಂಟಲ್' ಎಂಬ ಹೆಸರು ಹಿಂದೆ ಸರಿಯಿತು. ತಂಡದ ಒಂದು ಕಾರು ಒಮ್ಮೆ ಅನಿರೀಕ್ಷಿತವಾಗಿ ನಿಂತದ್ದರಿಂದ ತಂಡದ ಬಹುಮಾನ ಮಾತ್ರ ಕೈತಪ್ಪಿತು. 1914ರಲ್ಲಿ ರಾಡ್ಲಿ ಮತ್ತೊಮ್ಮೆ ಒಬ್ಬನೇ ಹೋಗಿ ಕಾಚ್‌ಬರ್ಗ್ ಸಾಲ ತೀರಿಸಿಕೊಂಡು ಬಂದ.

ಅಷ್ಟರಲ್ಲಿ ನಾಲ್ಕು ಗೇರಿನ ಬಾಕ್ಸು ಎಲ್ಲ ಗ್ರಾಹಕರ ಕಾರಿಗೂ ಬಂದಿತ್ತು. ಅದೇ ವರ್ಷ ಮಹಾಯುದ್ಧ ಶುರುವಾದಾಗ ಇದೇ ಚಾಸಿಯ ಮೇಲೆ ಉಕ್ಕಿನ ಹಲಗೆ ಹೊದಿಸಿ ಬ್ರಿಟಿಷರು ಯುದ್ಧದ ಕಾರು ಮಾಡಿಕೊಂಡರು. ಅಷ್ಟು ಉಕ್ಕಿನ ಭಾರ ಹೊತ್ತ ಆ ಗಾಡಿಗಳು ಅರೇಬಿಯಾದ ಮರಳಿನಲ್ಲಿ ಓಡಾಡಿದವು. ಮೂರು ಗೇರಿನ ಬಾಕ್ಸಿನಲ್ಲಿ ಅದನ್ನು ಊಹಿಸುವುದೂ ಕಷ್ಟ.

ಪರೀಕ್ಷೆಯ ಕ್ರಮವೂ ಬದಲಾಯಿತು. ಯುದ್ಧದ ನಂತರ ಪ್ರಯೋಗದ ಚಾಸಿಗಳಿಗೆ 'ಇಎಕ್ಸ್' ಎಂಬ ಬೇರೆಯದೇ ನಂಬರಿನ ಸರಣಿ ಬಂತು. ಫ್ರಾನ್ಸಿನ ಶಾತೊರೂ ಊರಿನಲ್ಲಿ ನೆಲೆ ಮಾಡಿಕೊಂಡು, ಹೊಸ ಕಾರು ಯಾವುದೇ ಇರಲಿ, 10,000 ಮೈಲಿ ಜೋರಾಗಿ ಓಡಿಸಿ, ಆಮೇಲೆ ಬಿಚ್ಚಿ ಹಲ್ಲುಹಲ್ಲನ್ನೂ ನೋಡುವ ಪದ್ಧತಿ ಬೆಳೆಯಿತು. ಇಂಗ್ಲೆಂಡಿನ ರಸ್ತೆ ಸಾಲದು ಎನ್ನುವುದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಇಂಥ ಪ್ರಯೋಗದ ಕಾರುಗಳಲ್ಲಿ ಒಂದಾದ 17ಇಎಕ್ಸ್ ಕೊನೆಗೆ ಭಾರತಕ್ಕೇ ಬಂತು. 1928ರ ಈ ಕಾರನ್ನು ಕೊಂಡವನು ಕಾಶ್ಮೀರದ ಮಹಾರಾಜ ಹರಿಸಿಂಗ್. ನಮ್ಮ ಮೈಸೂರು ಅರಮನೆಯವರೂ ರೋಲ್ಸ್ ರಾಯ್ಸ್‌ನ ದೊಡ್ಡ ಗಿರಾಕಿಗಳು. ಒಂದೇ ಸಲಕ್ಕೆ ಏಳು ಕಾರು ಕೊಳ್ಳುವ ಅವರ ರೂಢಿಯಿಂದಾಗಿ ಕಂಪನಿಯಲ್ಲಿ ಸಗಟು ಖರೀದಿಗೆ 'ಮೈಸೂರು ಮಾಡುವುದು' ಎನ್ನುತ್ತಿದ್ದರಂತೆ.

ಇನ್ನೊಂದು ಮಾತು. 1924ರಲ್ಲಿ ಮುಂದಿನ ಚಕ್ರಗಳಿಗೂ ಬ್ರೇಕ್ ಬಂದಾಗ, ಅಷ್ಟು ದೊಡ್ಡ ಕಾರು ನಿಲ್ಲಿಸುವ ಬಲ ಕಾಲಿನಲ್ಲಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಎದ್ದಿತು. ಉತ್ತರ ಸಿಕ್ಕಿದ್ದು ಗೇರ್‌ಬಾಕ್ಸಿನಲ್ಲೇ. ಹಿಸ್ಪಾನೊ ಸುಯಿಜಾ ಎಂಬ ಇನ್ನೊಂದು ಕಾರು ಕಂಪನಿಯ ಉಪಾಯವನ್ನು ಪಡೆದು, ಗೇರ್‌ಬಾಕ್ಸಿನ ಪಕ್ಕದಲ್ಲಿ ನಿಧಾನವಾಗಿ ತಿರುಗುವ ಒಂದು ತಟ್ಟೆ ಇಟ್ಟರು. ಪೆಡಲ್ ಒತ್ತಿದರೆ ಇನ್ನೊಂದು ತಟ್ಟೆ ಅದಕ್ಕೆ ಅಂಟಿ, ಓಡುವ ಕಾರಿನ ಬಲವೇ ಕಾರಿನ ಬ್ರೇಕನ್ನು ಎಳೆಯುತ್ತಿತ್ತು. ಈ ಯಾಂತ್ರಿಕ ಸರ್ವೊ ಎರಡನೆಯ ಮಹಾಯುದ್ಧದ ನಂತರವೂ ದಶಕಗಟ್ಟಲೆ ಉಳಿಯಿತು.

2013ರಲ್ಲಿ, ಆ ಆಲ್ಪೈನ್ ಟ್ರಯಲ್ಲಿಗೆ ನೂರು ತುಂಬಿದಾಗ, ಹಳೆಯ ಸಿಲ್ವರ್ ಘೋಸ್ಟ್‌ಗಳು ಮತ್ತೆ ಅದೇ ಪರ್ವತಗಳನ್ನು ಹತ್ತಿದವು. ಅದೇ ವರ್ಷ ಕಂಪನಿ ಬಿಡುಗಡೆ ಮಾಡಿದ ರೇತ್ ಎಂಬ ಕಾರಿಗೆ ಎಂಟು ಗೇರು, ಎಲ್ಲವೂ ಆಟೊಮ್ಯಾಟಿಕ್. ಅದರ ಗೇರ್‌ಬಾಕ್ಸು ಉಪಗ್ರಹದ ನಕ್ಷೆಯಿಂದ ಮುಂದಿನ ರಸ್ತೆಯನ್ನು ಓದಿಕೊಂಡು, ತಿರುವು ಬರುವ ಮೊದಲೇ ತಕ್ಕ ಗೇರಿಗೆ ಇಳಿದು ಕಾಯುತ್ತದೆ. ಓಡಿಸುವವನಿಗೆ ಗೇರ್ ಬದಲಾದದ್ದು ತಿಳಿಯುವುದೂ ಇಲ್ಲ.